ಹೆಸರು ಸಮೇತ ಅದಲುಬದಲಾದವರು

ಇಚಲಕರಂಜಿ

ಅಮೆರಿಕಕ್ಕೆ ಹೋಗಿ ಬಂದೆ ಎಂದರೆ ನಮ್ಮ ಇಚಲಕರಂಜಿಯ ಮಂದಿ ಮೊದಲು ಕೇಳುವುದು ನೂರು ಅಂತಸ್ತಿನ ಕಟ್ಟಡಗಳ ಸುದ್ದಿಯನ್ನು. ಅವುಗಳನ್ನು ನಾನು ಹಡಗಿನಿಂದ ಇಳಿದ ಮುಂಜಾನೆ ಒಮ್ಮೆ ಕತ್ತೆತ್ತಿ ನೋಡಿದ್ದೆ, ಅಷ್ಟೆ. ನಾಲ್ಕು ತಿಂಗಳು ನಾನಿದ್ದದ್ದು ಒಂದು ಹೊಳೆಯ ದಂಡೆಯ ಸಣ್ಣ ಊರಲ್ಲಿ. ಅಲ್ಲಿ ನಾನು ಕಂಡದ್ದನ್ನು ಕೇಳಿದವರು ಅರ್ಧಕ್ಕೇ ಮುಖ ನೋಡತೊಡಗುತ್ತಾರೆ. ಆದರೂ ಹೇಳುತ್ತೇನೆ.

ಅರವತ್ತರ ದಶಕದ ಮೊದಲ ವರ್ಷಗಳವು. ನಮ್ಮ ಊರಿನ ಓಣಿಓಣಿಯಲ್ಲಿ ವಿದ್ಯುತ್ ಮಗ್ಗಗಳು ಸದ್ದು ಮಾಡುತ್ತಿದ್ದವು. ನೂಲು ಹರಿದರೆ ತಾನೇ ನಿಲ್ಲುವ ಹೊಸ ಮಗ್ಗಗಳನ್ನು ತರಿಸಬೇಕೆಂದು ನಾವು ನಾಲ್ಕು ಮನೆಯವರು ಕೂಡಿ ಯೋಚಿಸಿದೆವು. ಮಗ್ಗ ಮಾಡುವ ಅಮೆರಿಕದ ಕಾರಖಾನೆಯವರು, ಇಬ್ಬರು ಬಂದು ಕಲಿತು ಹೋಗಲಿ, ಅವರಿಗೆ ಪ್ರಮಾಣಪತ್ರ ಸಿಕ್ಕ ಮೇಲೆಯೇ ಮಗ್ಗ ಕಳಿಸುತ್ತೇವೆ ಎಂದು ಬರೆದರು. ಮಗ್ಗ ಜೋಡಿಸುವ ಕೆಲಸ ಬಲ್ಲವನೆಂದು ನನ್ನನ್ನು ಆರಿಸಿದರು. ಇನ್ನೊಬ್ಬರು ಗಡಹಿಂಗ್ಲಜದ ಮಲ್ಲಪ್ಪ. ಕೊಲ್ಲಾಪುರದ ಒಂದು ಕಾರಖಾನೆಯಲ್ಲಿ ಎಂಜಿನ್ನುಗಳ ಎರಕ ಹೊಯ್ಯುತ್ತಿದ್ದವರು, ನನಗಿಂತ ಹತ್ತು ವರ್ಷ ಹಿರಿಯರು, ಹಣೆಯ ಮೇಲೆ ಮೂರು ಬೆರಳಿನ ವಿಭೂತಿ ಇಲ್ಲದೆ ಹೊಸ್ತಿಲು ದಾಟದವರು.

ನಾವು ಜೈನರು. ಅವ್ವ ನನ್ನ ಟ್ರಂಕಿನಲ್ಲಿ ಅವಲಕ್ಕಿ, ಶೇಂಗಾ ಚಟ್ನಿ ತುಂಬುತ್ತ ಒಂದೇ ಮಾತು ಹೇಳಿದಳು: "ಯಾವ ದೇಶಕ್ಕ ಹೋಗು, ಹೊತ್ತ ಮುಳಗಿದ ಮ್ಯಾಲ ಉಣಬ್ಯಾಡಪಾ." ಕೊಲ್ಲಾಪುರದ ಸ್ಟೇಷನ್ನಿನಲ್ಲಿ ಮಲ್ಲಪ್ಪನವರ ಬೀಗರು ಬಿದ್ರಿಯಿಂದ ಒಂದು ಗಾಡಿ ತುಂಬ ಬಂದು, ಕಬ್ಬಿನ ಜಲ್ಲೆಗಳನ್ನೂ ಕಿಟಕಿಯೊಳಗೆ ತುರುಕಿದರು. ಮುಂಬಯಿ ಮುಟ್ಟುವವರೆಗೆ ನಾವು ಕಬ್ಬು ತಿಂದೆವು.

ಮೊದಲ ದಿನ

ಬಸ್ಸು ನಮ್ಮನ್ನು ಇಳಿಸಿದಾಗ ಮಧ್ಯಾಹ್ನ ಮೂರು ಗಂಟೆ. ಬಿಸಿಲು ಚೆನ್ನಾಗಿತ್ತು. ರಸ್ತೆಯ ಎರಡೂ ಬದಿಗೆ ಬಿಳಿ ಕಟ್ಟಿಗೆಯ ಮನೆಗಳು, ಒಂದೇ ಅಳತೆಯವು, ಒಂದೇ ಬಗೆಯ ಪರದೆಗಳವು. ಒಂದು ನರಪಿಳ್ಳೆ ಇಲ್ಲ. ಕೂಗುವ ಮಾರಾಟಗಾರನಿಲ್ಲ, ಕಟ್ಟೆಯ ಮೇಲೆ ಕೂತ ಮುದುಕರಿಲ್ಲ, ನಾಯಿ ಕೂಡ ಬೊಗಳಲಿಲ್ಲ. ನಮ್ಮ ಬೂಟಿನ ಸಪ್ಪಳ ನಮಗೇ ಕೇಳುತ್ತಿತ್ತು.

"ಬಾಳಗೊಂಡ್ರ, ಮಂದಿ ಎಲ್ಲಿ ಹೋಗ್ಯಾರ್ರೀ?" ಎಂದರು ಮಲ್ಲಪ್ಪ. "ಹೆಣಾ ಎತ್ತಿದ ಮನಿ ಆಗೇತಲ್ರಿ ಊರಿಗ ಊರ."

"ಕೆಲಸಕ್ಕ ಹೋಗಿರ್ತಾರ್ರಿ," ಎಂದೆ. ಆದರೆ ಒಂದು ಪರದೆಯ ಅಂಚು ಎತ್ತಿ ಮತ್ತೆ ಬಿದ್ದದ್ದನ್ನು ನಾನೂ ಕಂಡಿದ್ದೆ.

ಊರಿನ ಮನೆಗಳೆಲ್ಲ ಕಾರಖಾನೆಯವು. ನಮ್ಮನ್ನು ಇಳಿಸಿಕೊಂಡದ್ದು ಶ್ರೀಮತಿ ಹೇಲ್ ಎಂಬ ವಿಧವೆ. ಕೆಲಸಗಾರರಿಗೆ ಊಟ, ವಸತಿ ನೋಡಿಕೊಳ್ಳುವ ಮನೆ ಅವಳದು. ಮಲ್ಲಪ್ಪ ಅವಳನ್ನು ಮೊದಲ ದಿನದಿಂದಲೇ 'ಮಾವಶಿ', ಅಂದರೆ ಚಿಕ್ಕಮ್ಮ, ಎಂದರು. ಅದೇನೋ ಮರ್ಯಾದೆಯ ಮಾತೆಂದು ಅವಳು ಒಪ್ಪಿಕೊಂಡಳು. ಮಾಂಸ, ಮೀನು, ಮೊಟ್ಟೆ ಒಂದೂ ಬೇಡ ಎಂದಾಗ ನಮ್ಮ ಆರೋಗ್ಯದ ಬಗ್ಗೆ ವಿಚಾರಿಸಿದಳು. ಸೂರ್ಯ ಮುಳುಗುವ ಮೊದಲೇ ಊಟ ಬೇಕೆಂದೆ. ಅಲ್ಲಿ ಬೇಸಿಗೆಯಲ್ಲಿ ಸೂರ್ಯ ಎಂಟೂವರೆಯಾದರೂ ಮುಳುಗುವುದಿಲ್ಲ. ಅವ್ವನ ವ್ರತ ಅಷ್ಟು ಸಲೀಸಾಗಿ ನಾನು ಊರಲ್ಲಿಯೂ ಪಾಲಿಸಿರಲಿಲ್ಲ.

ಮೇಜಿನ ಮೇಲೆ ಇನ್ನೊಂದು ತಟ್ಟೆಯಿತ್ತು. "ಅದು ವಾಲ್ಟರ್‌ನದು. ನಿಮ್ಮ ಪಕ್ಕದ ಕೋಣೆಯವನು," ಎಂದಳು. "ಹನ್ನೆರಡು ವರ್ಷದಿಂದ ನನ್ನ ಮನೆಯಲ್ಲಿದ್ದಾನೆ. ಅವನಿಗೆ ಮೊಟ್ಟೆ ಎಂದರೆ ಪ್ರಾಣ."

ಒಳಗೆ ಬಂದವನಿಗೆ ಹೆಚ್ಚೆಂದರೆ ಇಪ್ಪತ್ತೆರಡು ವರ್ಷ. ಕೆಂಚು ಕೂದಲು, ಗಲ್ಲದ ಮೇಲೆ ಇನ್ನೂ ಸರಿಯಾಗಿ ಮೂಡದ ಗಡ್ಡ. ನಮಗೆ ತಲೆಬಾಗಿ, ಕೂತು, ತಟ್ಟೆಯ ಮೊಟ್ಟೆಗಳನ್ನು ಔಷಧ ಕುಡಿಯುವವನಂತೆ ಕಣ್ಣು ಮುಚ್ಚಿ ನುಂಗಿದ.

ಹನ್ನೆರಡು ವರ್ಷವೆಂದರೆ ಹತ್ತರ ಹುಡುಗನಾಗಿ ಇಲ್ಲಿಗೆ ಬಂದನೇ? ಭಾಷೆ ತಪ್ಪಾಗಿ ತಿಳಿಯಿತೇನೋ ಎಂದುಕೊಂಡೆ. ಮಲ್ಲಪ್ಪ ಮಾತ್ರ ಗೋಡೆಯ ಮೇಲಿನ ಪಟವನ್ನೇ ನೋಡುತ್ತಿದ್ದರು. ಸಾಲಾಗಿ ನಿಂತ ಆಟಗಾರರು, ಕಾಲ ಬಳಿ ಅವರವರ ಹೆಸರುಗಳು. ಹದಿನೇಳು ಎಂಬ ಅಂಕಿಯ ಅಂಗಿ ತೊಟ್ಟ, ನಲವತ್ತರ ಆಸುಪಾಸಿನ, ಮುರಿದ ಮೂಗಿನ ಗಂಡಸೊಬ್ಬ ಅಲ್ಲಿದ್ದ. ಅವನ ಕೆಳಗೆ ಬರೆದದ್ದು: ವಾಲ್ಟರ್.

"ಬಾಳಗೊಂಡ್ರ," ಎಂದರು ಮಲ್ಲಪ್ಪ ಮೆಲ್ಲಗೆ, "ನನಗ ಯಾಕೋ ಇದು ಬರೋಬರಿ ಕಾಣವಲ್ದ್ರಿ."

ಕಾರಖಾನೆ

ಕಾರಖಾನೆಯಲ್ಲಿ ನಮ್ಮ ಹೆಸರುಗಳು ಒಂದು ತಾಸೂ ಉಳಿಯಲಿಲ್ಲ. ಮೇಸ್ತ್ರಿ ಎರಡು ಸಲ ಪ್ರಯತ್ನಿಸಿ, ನನ್ನನ್ನು ಬಿಲ್ ಎಂದೂ ಮಲ್ಲಪ್ಪನವರನ್ನು ಮೈಕ್ ಎಂದೂ ಕರೆದ. ನಾವು ನಕ್ಕೆವು. ಹದಿನೈದು ದಿನಗಳಲ್ಲಿ ಯಾರಾದರೂ ಬಿಲ್ ಎಂದರೆ ನನ್ನ ಕತ್ತು ತಾನೇ ಹೊರಳುತ್ತಿತ್ತು.

ಆ ಹುಡುಗ ಕೆಲಸ ಮಾಡುತ್ತಿದ್ದದ್ದು ಮಗ್ಗದ ಚೌಕಟ್ಟು ಜೋಡಿಸುವ ವಿಭಾಗದಲ್ಲಿ. "ಶುಭ ಮುಂಜಾನೆ, ವಾಲ್ಟರ್," ಎನ್ನುವರು ಎಲ್ಲರೂ. ಒಂದು ಕ್ಷಣ ಏನೂ ಆಗುತ್ತಿರಲಿಲ್ಲ. ನಂತರ ಅವನು, ದೂರದಿಂದ ಕೂಗು ಕೇಳಿಸಿಕೊಂಡವನಂತೆ, ಮುಖ ಎತ್ತುತ್ತಿದ್ದ. ದಿನ ಕಳೆದಂತೆ ಆ ಕ್ಷಣ ಸಣ್ಣದಾಗುತ್ತ ಬಂತು.

ಅವನು ಊರಿನ ಬೇಸ್‌ಬಾಲ್ ತಂಡದ ಪಿಚರ್ ಎಂದು ಮಾವಶಿ ಹೇಳಿದಳು.

"ಪಿಚ್ಚರ್ ಅಂದ್ರ ಸಿನಿಮಾದಾಂವ ಏನ್ರಿ?" ಎಂದರು ಮಲ್ಲಪ್ಪ.

ಆ ಆಟ ನಮ್ಮ ಕ್ರಿಕೆಟ್ಟಿನ ದಾಯಾದಿ. ಚೆಂಡೆಸೆಯುವವನೇ ಪಿಚರ್. ಒಬ್ಬನ ತೋಳು ಆಟ ಮುಗಿಯುವವರೆಗೆ ತಾಳದು; ಅವನು ದಣಿದಾಗ ಮೈದಾನದ ಮೂಲೆಯ ಬೆಂಚಿನಿಂದ ಬದಲಿ ಪಿಚರ್ ಎದ್ದು ಬರುತ್ತಾನೆ. ಆಟದ ಮುಕ್ಕಾಲು ಪಾಲು ಸುಮ್ಮನೆ ಕೂತು, ಎಲ್ಲ ಕೆಟ್ಟಾಗ ಬರುವುದು ಅವನ ಕೆಲಸ. ನಮ್ಮ ಹುಡುಗ ಅಂಥ ಬದಲಿ ಪಿಚರ್. ಪಟದ ಗಂಡಸೂ ಅದೇ. ಅಂಗಿಯ ಅಂಕಿಯೂ ಅದೇ ಹದಿನೇಳು. ಅಂಗಿ ಮಾತ್ರ ಹುಡುಗನ ಭುಜದಿಂದ ಜೋತುಬಿದ್ದಿತ್ತು.

ಪಟದವನು ಯಾರು ಎಂದು ನಾನು ಮೂವರನ್ನು ಕೇಳಿದೆ. ಮೂವರೂ ಪಟ ನೋಡಿ, ನನ್ನನ್ನು ನೋಡಿ, ಒಂದೇ ಉತ್ತರ ಕೊಟ್ಟರು: "ವಾಲ್ಟರ್." ಹಾಗಾದರೆ ಈ ಹುಡುಗ? "ವಾಲ್ಟರ್." ಹೇಳುವಾಗ ಯಾರೂ ನಗಲಿಲ್ಲ. ಅದರಿಂದಲೇ ನನಗೆ ಹೆಚ್ಚು ಭಯವಾಯಿತು.

ಆಗಸ್ಟ್ ಹೊತ್ತಿಗೆ ಹುಡುಗ ಊಟದ ನಡುವೆ ಬಲ ಭುಜ ತಿಕ್ಕಿಕೊಳ್ಳಲು ಶುರುಮಾಡಿದ. ಅದನ್ನು ಕಂಡು ಮಾವಶಿಯ ಕೈಯಿಂದ ಸೌಟು ಬಿತ್ತು. "ಹನ್ನೆರಡು ವರ್ಷ ನೋಡಿದ್ದೇನೆ, ಹೀಗೇ ತಿಕ್ಕಿಕೊಳ್ಳುತ್ತಿದ್ದ," ಎಂದು ತನ್ನಷ್ಟಕ್ಕೆ ಹೇಳಿಕೊಂಡು ಒಳಗೆ ಹೋದಳು. ಹುಡುಗ ಈಗ ಮೊಟ್ಟೆಗಳನ್ನು ಕಣ್ಣು ತೆರೆದೇ ತಿನ್ನುತ್ತಿದ್ದ.

ಮೈದಾನ

ಊರಲ್ಲಿ ನಾನು ಕುಸ್ತಿಯ ಪಂಚನಾಗಿ ಕೂತವನು. ಗಡಹಿಂಗ್ಲಜದಲ್ಲಿ, ನೂಲ ಎಂಬ ಹಳ್ಳಿಯಲ್ಲಿ ನಾನು ಕೊಟ್ಟ ತೀರ್ಪಿಗೆ ಕುಸ್ತಿ ಕಲಿಸುವ ತಾಲೀಮಿನ ವಸ್ತಾದರು ಕೂಡ ಎದುರಾಡಿದ್ದಿಲ್ಲ. ಈ ಹೆಮ್ಮೆಯನ್ನು ಮಾವಶಿಯ ಮುಂದೆ ಒಮ್ಮೆ ಕೊಚ್ಚಿಕೊಂಡಿದ್ದೆ. ಅದು ತಂಡದ ಅಧ್ಯಕ್ಷ ಪರ್ಕಿನ್ಸ್‌ನ ಕಿವಿಗೆ ಬಿತ್ತು. ಎಪ್ಪತ್ತರ ಮುದುಕ, ಮೃದು ಮಾತಿನವನು. ಮನೆಗೇ ಬಂದ.

"ಬಿಲ್, ಬೇಸಿಗೆಯ ಮೊದಲಿಗೆ ನಾವು ಹೊಳೆಯ ಕೆಳಗಿನ ಊರಿನ ತಂಡದೊಡನೆ ಒಂದು ಅದಲುಬದಲು ಮಾಡಿದೆವು," ಎಂದ. "ನಮ್ಮ ಬದಲಿ ಪಿಚರ್ ಅವರಿಗೆ, ಅವರವನು ನಮಗೆ. ಲಾಭವಾಯಿತೋ ನಷ್ಟವಾಯಿತೋ ಎಂದು ಸಮಿತಿಯಲ್ಲಿ ಇಬ್ಬರು ಆಚೆ, ಇಬ್ಬರು ಈಚೆ. ನಾನು ಯಾರ ಕಡೆಗೂ ಹೋಗಲಾರೆ. ನಷ್ಟವೆಂದಾದರೆ ಬದಲಾಟವನ್ನು ಹಿಂತೆಗೆದುಕೊಳ್ಳುವ ಕರಾರಿದೆ. ನೀನು ಹೊರಗಿನವನು, ಪಂಚ. ಭಾನುವಾರ ಎರಡೂ ತಂಡ ಆಡುತ್ತವೆ. ನೋಡಿ ತೀರ್ಪು ಹೇಳು."

ಅವನು ಹೋದ ಮೇಲೆ ನಾನು ಅದನ್ನು ಕನ್ನಡದಲ್ಲಿ ಹೇಳಿದಾಗ ಮಲ್ಲಪ್ಪ ಎಂದರು: "ಎತ್ತ ಬದಲ ಮಾಡಿದಂಗ ಮನಷ್ಯಾರನ್ನ ಬದಲ ಮಾಡ್ತಾರೇನ್ರಿ? ನಮ್ಮ ಕೊಲ್ಲಾಪುರದಾಗ ಒಂದ ತಾಲೀಮಿನ ಪೈಲ್ವಾನನ್ನ ಇನ್ನೊಂದಕ್ಕ ಕೊಟ್ಟಾರೇನು? ದಂಗೆ ಆದೀತ!"

ಭಾನುವಾರ ಮಧ್ಯಾಹ್ನ ಮಳೆ ಬಂದು ನಿಂತಿತ್ತು. ಹೊಳೆಯಿಂದ ಮಂಜು ಎದ್ದು ಮೈದಾನದ ಅಂಚಿಗೆ ಬಂದು ಕೂತಿತು. ಆಟ ಸಮಸಮವಾಗಿ ಸಾಗಿತ್ತು. ನಮ್ಮ ಪಿಚರ್ ದಣಿದ. "ವಾಲ್ಟರ್!" ಎಂದು ನಮ್ಮ ಕಡೆಯ ಜನ ಕೂಗಿದರು. ಹುಡುಗ ಎದ್ದು ಬಂದು, ವೇಗವಾಗಿ, ಸ್ವಲ್ಪ ಗಾಬರಿಯಿಂದ ಎಸೆದ. ಸರದಿ ಮುಗಿಯಿತು. ಸ್ವಲ್ಪ ಹೊತ್ತಿಗೆ ಆ ಕಡೆಯವರ ಪಿಚರ್ ಸೋತ.

"ಡ್ಯಾನಿ! ಡ್ಯಾನಿ!" ಎಂದು ಎದುರಿನ ಜನ ಕೂಗತೊಡಗಿದರು.

ಮಂಜಿನೊಳಗಿಂದ ನಡೆದು ಬಂದವನು ಮುರಿದ ಮೂಗಿನವನು. ಪಟದ ವಾಲ್ಟರ್. ನಲವತ್ತು ದಾಟಿದ ಆ ಗಂಡಸು, ಹುಡುಗರಿಗಿಡುವ ಆ ಹೆಸರಿಗೆ ಟೊಪ್ಪಿಗೆ ಎತ್ತಿ ತೋರಿಸಿದ. ನಮ್ಮ ಕಡೆಯ ಬೆಂಚುಗಳಲ್ಲಿ ನೂರಾರು ಮಂದಿ ಒಟ್ಟಿಗೆ ತಲೆ ತಗ್ಗಿಸಿದರು. ಹನ್ನೆರಡು ವರ್ಷ ತಮ್ಮ ನಡುವೆ ಬದುಕಿದವನನ್ನು ಒಬ್ಬರಾದರೂ ನೋಡಲಿಲ್ಲ. ಮಾವಶಿ ಕೈಚೀಲದ ಗುಂಡಿಯನ್ನು ತೆಗೆಯುತ್ತ, ಹಾಕುತ್ತ ಕೂತಿದ್ದಳು.

"ಅರೆ ದೇವಾ," ಎಂದು ಮಲ್ಲಪ್ಪ ನನ್ನ ಮೊಣಕೈ ಹಿಡಿದರು. "ಹೆಸರಾನೂ ಬದಲ ಮಾಡ್ಯಾರ್ರಿ!"

ಅವನು ಎರಡು ಚೆಂಡು ಎಸೆದದ್ದು ಕಂಡೆ. ಮೂರನೆಯದು ಕೈಬಿಡುವ ಹೊತ್ತಿಗೆ ಮಂಜು ಮುಚ್ಚಿಕೊಂಡಿತು; ಚೆಂಡು ಕೈಗವಸಿಗೆ ಬಡಿದ ಸಪ್ಪಳ ಮಾತ್ರ ಕೇಳಿತು. ಆಟ ನಿಲ್ಲಿಸಿದರು.

ಮೆಟ್ಟಿಲ ಮೇಲೆ

ಮನೆಗೆ ಬಂದು ನಾನು ಹುಡುಗನನ್ನು ಹಿತ್ತಿಲ ಮೆಟ್ಟಿಲ ಮೇಲೆ ಹಿಡಿದು ಕೂರಿಸಿದೆ. "ನಿನ್ನ ಹೆಸರೇನು?" ಎಂದೆ.

ಅವನು ಹೆಸರು ಹೇಳಲಿಲ್ಲ, ನಡೆದದ್ದನ್ನು ಹೇಳಿದ. ಆಟಗಾರರ ಪಟ್ಟಿ ವಸಂತಕ್ಕೆ ಮುಚ್ಚಿಬಿಡುತ್ತದೆ. ಪಟ್ಟಿಯಲ್ಲಿ ಹೆಸರಿಲ್ಲದವನು ಆ ಬೇಸಿಗೆ ಆಡುವಂತಿಲ್ಲ. ಬದಲಾಟ ಮಾಡಿದ್ದು ಪಟ್ಟಿ ಮುಚ್ಚಿದ ಮೇಲೆ. ಹಾಗಾಗಿ ಎರಡೂ ಊರಿನ ಕಾರಖಾನೆಯವರು ಆಳುಗಳ ಜೊತೆಗೆ ಹೆಸರುಗಳನ್ನೂ ಬದಲಾಯಿಸಿಕೊಂಡರು. ಒಂದು ಬೇಸಿಗೆಯ ಮಾತು ಎಂದರು. ಯಾರಾದರೂ ನಿಜ ಹೆಸರು ಬಾಯಿಬಿಟ್ಟರೆ ಎರಡು ತಂಡಗಳೂ ಹೊರಗೆ.

"ಮೊದಲು ತಮಾಷೆ ಅನಿಸಿತು," ಎಂದ. "ಅವನ ಕೋಣೆ, ಅವನ ಕೆಲಸ, ಅವನ ತಟ್ಟೆ. ಈಗ ಒಬ್ಬನೇ ಇದ್ದಾಗಲೂ ನನ್ನನ್ನು ನಾನು ವಾಲ್ಟರ್ ಎಂದು ಕರೆದುಕೊಳ್ಳುತ್ತೇನೆ. ಅಮ್ಮನಿಗೆ ಕಾಗದ ಬರೆಯುವುದು ಬಿಟ್ಟಿದ್ದೇನೆ. ಕೊನೆಯ ಕಾಗದಕ್ಕೆ ಯಾವ ಹೆಸರು ಹಾಕಿ ಅಂಚೆಗೆ ಕೊಟ್ಟೆನೋ ನೆನಪಿಲ್ಲ."

ಗೇಟು

ಮಂಗಳವಾರ ಊಟದ ಬಿಡುವಿನಲ್ಲಿ ನಾವು ಹೊರಗೆ ಬರುವಾಗ ಗೇಟಿನಲ್ಲಿ ಕಂದು ಕೋಟಿನ ಹೆಂಗಸೊಬ್ಬಳು ನಿಂತಿದ್ದಳು. ಕೈಯಲ್ಲಿ ಒಂದು ಕಾಗದ.

"ಡ್ಯಾನಿಯಲ್ ಎಂಬವನು ನಮ್ಮಲ್ಲಿಲ್ಲ," ಎನ್ನುತ್ತಿದ್ದ ಕಾವಲುಗಾರ, ಪುಸ್ತಕ ತಿರುಗಿಸಿ ತೋರಿಸುತ್ತ. "ಆ ಹೆಸರಿಗೆ ಬಂದ ಕಾಗದಗಳನ್ನು ನಾನೇ ಹಿಂದೆ ಕಳಿಸಿದ್ದೇನೆ, ಅಮ್ಮಾ."

"ಇದು ನನ್ನ ಮಗನ ಅಕ್ಷರ," ಎಂದಳು ಅವಳು. "ಆದರೆ ಕೆಳಗೆ ವಾಲ್ಟರ್ ಎಂದು ಬರೆದಿದ್ದಾನೆ. ವಾಲ್ಟರ್ ಯಾರು? ನನ್ನ ಮಗನ ಕೈ ಹಿಡಿದು ಬರೆಸಿದವರು ಯಾರು?"

ಮೇಸ್ತ್ರಿ ಅಲ್ಲಿಯೇ ನಿಂತಿದ್ದ. ನನ್ನತ್ತ ನೋಡಿ, "ಬಿಲ್, ನೀವು ಅತಿಥಿಗಳು. ಶನಿವಾರ ನಿಮ್ಮ ಪ್ರಮಾಣಪತ್ರಕ್ಕೆ ಸಹಿಯಾಗುತ್ತದೆ," ಎಂದ, ಹವಾಮಾನ ಹೇಳುವವನಂತೆ.

ನಾನು ನಡೆದುಬಿಟ್ಟೆ. ಬರೆಯಲು ಕೈ ಹಿಂಜರಿಯುತ್ತದೆ, ಆದರೆ ನಡೆದುಬಿಟ್ಟೆ. ಊರಲ್ಲಿ ಮಗ್ಗಕ್ಕೆ ಕಾಯುತ್ತಿದ್ದ ನಾಲ್ಕು ಮನೆಗಳು ಕಣ್ಣ ಮುಂದೆ ಬಂದವು. ಇಪ್ಪತ್ತು ಹೆಜ್ಜೆ ಹೋದ ಮೇಲೆ ಪಕ್ಕದಲ್ಲಿ ಮಲ್ಲಪ್ಪ ಇಲ್ಲದ್ದು ತಿಳಿಯಿತು.

ಅವರು ಹಿಂದೆಯೇ ನಿಂತಿದ್ದರು. "ಬಾಳಗೊಂಡ್ರ, ಈಕಿ ಅವನ ಅವ್ವರೀ. ಗದ್ದಾ ನೋಡ್ರಿ, ಥೇಟ ಅವಂದ. ಮಗ್ಗ ಸಿಗಲಿಲ್ಲಂದ್ರ ಹ್ವಾದವಂತ ತಿಳಿಯೂಣ. ನನಗ ಇಂಗ್ಲಿಷ್ ಬರೂದಿಲ್ಲ. ನೀವ ಹೇಳತೀರೋ, ನಾ ಕೈ ಹಿಡದ ಕರಕೊಂಡ ಹೋಗ್ಲೋ?"

ನಾನು ತಿರುಗಿ ಬಂದೆ. "ಅಮ್ಮಾ, ನಮ್ಮ ಜೊತೆ ಬನ್ನಿ," ಎಂದೆ.

ಅಂದು ಕೆಲಸಕ್ಕೆ ಹೋಗದ ಹುಡುಗ ಮಾವಶಿಯ ಮನೆಯ ಹಿತ್ತಿಲ ಮೆಟ್ಟಿಲ ಮೇಲೆ ನಮಗೆ ಬೆನ್ನು ಮಾಡಿ ಕೂತಿದ್ದ. ಬಲ ಭುಜ ತಿಕ್ಕಿಕೊಳ್ಳುತ್ತಿದ್ದ.

"ಡ್ಯಾನಿಯಲ್," ಎಂದಳು ತಾಯಿ.

ಅವನು ಹೊರಳಲಿಲ್ಲ. ಹತ್ತು ಮಾರು ದೂರವೂ ಇರಲಿಲ್ಲ. ಅವಳು ಇನ್ನೊಮ್ಮೆ, ಗಟ್ಟಿಯಾಗಿ ಕರೆದಳು. ತಿಕ್ಕುತ್ತಿದ್ದ ಕೈ ಕೂಡ ನಿಲ್ಲಲಿಲ್ಲ. ತಾಯಿ ಬಾಯಿಗೆ ಕೈ ಅಡ್ಡ ಹಿಡಿದಳು. ಮತ್ತೆ ಕರೆಯಲು ಅವಳಿಗೆ ಧೈರ್ಯ ಬರಲಿಲ್ಲ. ಮೆಲ್ಲಗೆ ನಡೆದು ಹೋಗಿ ಅವನ ತಲೆಯ ಮೇಲೆ ಕೈಯಿಟ್ಟಳು.

ಆಗ ಅವನು ಮುಖ ಎತ್ತಿದ. ಮೊದಲು ಯಾರೋ ಪರಿಚಯವಿಲ್ಲದವರನ್ನು ನೋಡುವ ಮರ್ಯಾದೆಯ ನಗೆ. ಆಮೇಲೆ ಆ ನಗೆ ಮುರಿದುಹೋಯಿತು. ಅವಳ ಕೋಟಿನ ಅಂಚು ಹಿಡಿದುಕೊಂಡು ಅತ್ತ. ಅಡುಗೆಮನೆಯ ಬಾಗಿಲಲ್ಲಿ ಮಾವಶಿ ನಿಂತಿದ್ದಳು, ಅವಳೂ ಅಳುತ್ತಿದ್ದಳು.

ತೀರ್ಪು

ಅದೇ ದಿನ ನಾಲ್ಕು ಗಂಟೆಗೆ ಸಮಿತಿ ಕೂಡಿತು. ಉದ್ದ ಮೇಜು, ಐವರು ಮುದುಕರು, ಒಂದು ಕೊನೆಗೆ ಹುಡುಗ. ಹಿಂದಿನ ಗೋಡೆಯ ಮೇಲೆ ಅದೇ ಪಟದ ದೊಡ್ಡ ಪ್ರತಿ. ಮಲ್ಲಪ್ಪ ನನ್ನ ಹಿಂದೆ, ವಿಭೂತಿ ಹೊಸದಾಗಿ ಹಚ್ಚಿಕೊಂಡು ನಿಂತಿದ್ದರು. ತಾಯಿ ಹೊರಗೆ ಬೆಂಚಿನ ಮೇಲೆ.

"ಹೇಳು, ಬಿಲ್," ಎಂದ ಪರ್ಕಿನ್ಸ್. "ಅದಲುಬದಲು ಒಳ್ಳೆಯದಾಯಿತೋ, ಕೆಟ್ಟದ್ದಾಯಿತೋ?"

"ನನ್ನ ಹೆಸರು ಬಾಳಗೊಂಡ," ಎಂದೆ. "ಅದಿರಲಿ. ಯಾರನ್ನು ಕೊಟ್ಟಿರಿ, ಯಾರನ್ನು ತಂದಿರಿ?"

"ಡ್ಯಾನಿಯನ್ನು ಕೊಟ್ಟೆವು. ವಾಲ್ಟರ್‌ನನ್ನು ತಂದೆವು."

"ವಾಲ್ಟರ್ ಯಾರು?"

ಐದು ಬೆರಳುಗಳು ಹುಡುಗನತ್ತ ಏರಿದವು. ತಮ್ಮ ಬೆನ್ನ ಹಿಂದೆಯೇ ಪಟವಿದ್ದರೂ ಒಬ್ಬರ ಕಣ್ಣೂ ಅಲುಗಲಿಲ್ಲ. ಅವರು ಸುಳ್ಳು ಹೇಳುತ್ತಿದ್ದಾರೆಂದು ನನಗೆ ಅನಿಸಲೇ ಇಲ್ಲ. ನಾಲ್ಕು ತಿಂಗಳು ಹೇಳಿ ಹೇಳಿ, ಅವರಿಗದು ನಿಜವೇ ಆಗಿಬಿಟ್ಟಿತ್ತು.

ನಾನು ಎದ್ದು ನಿಂತೆ. "ನಮ್ಮಲ್ಲಿ ಕುಸ್ತಿ ಹಿಡಿಯುವ ಮೊದಲು ಪಂಚ ಕಣದ ನಡುವೆ ನಿಂತು ಪೈಲ್ವಾನನ ಹೆಸರು, ಅವನ ಅಪ್ಪನ ಹೆಸರು, ಊರು ಕೂಗುತ್ತಾನೆ. ಒಬ್ಬನ ಹೆಸರಿನಲ್ಲಿ ಇನ್ನೊಬ್ಬನನ್ನು ಇಳಿಸಿದರೆ ಆ ಕುಸ್ತಿ ಕುಸ್ತಿಯೇ ಅಲ್ಲ. ಗೆದ್ದವನಿಲ್ಲ, ಸೋತವನಿಲ್ಲ. ಪಂಚ ಪೇಟ ತೆಗೆದುಕೊಂಡು ಮನೆಗೆ ಹೋಗುತ್ತಾನೆ. ನೀವು ಮಾಡಿದ ಬದಲಾಟ ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ. ಅದು ಆಗಿಯೇ ಇಲ್ಲ. ಇಬ್ಬರು ಮನುಷ್ಯರು ಮಾತ್ರ ಕಳೆದುಹೋಗಿದ್ದಾರೆ."

"ಶಾಬ್ಬಾಸ್," ಎಂದರು ಹಿಂದಿನಿಂದ ಮಲ್ಲಪ್ಪ. ಇಂಗ್ಲಿಷ್ ತಿಳಿಯದಿದ್ದರೂ ನನ್ನ ದನಿ ಅವರಿಗೆ ತಿಳಿದಿತ್ತು.

ಎಲ್ಲರಿಗಿಂತ ಹಿರಿಯ ಮುದುಕನೊಬ್ಬ ಹ್ಯಾಟು ತೆಗೆದು ಮೇಜಿನ ಮೇಲಿಟ್ಟ. ಹುಡುಗನತ್ತ ನೋಡಿ, "ಡ್ಯಾನಿಯಲ್, ನಿಮ್ಮಮ್ಮ ಹೊರಗೆ ಕಾಯುತ್ತಿದ್ದಾಳೆ, ಹೋಗಪ್ಪ," ಎಂದ. ಪರ್ಕಿನ್ಸ್ ಕಣ್ಣು ಮುಚ್ಚಿಕೊಂಡ.

ಹುಡುಗ ಹದಿನೇಳರ ಅಂಗಿ ಕಳಚಿ ಕುರ್ಚಿಯ ಮೇಲೆ ಮಡಿಚಿಟ್ಟು, ಬನಿಯನ್ನಿನ ಮೇಲೆಯೇ ಹೊರಗೆ ನಡೆದ. ಐದು ಗಂಟೆಯ ಬಸ್ಸಿಗೆ ತಾಯಿ ಮಗ ಹೊರಟುಹೋದರು. ಎರಡೂ ತಂಡಗಳನ್ನು ಆ ವರ್ಷದ ಆಟದಿಂದ ತೆಗೆದರು. ಶನಿವಾರ ಪ್ರಮಾಣಪತ್ರ ಬರಲಿಲ್ಲ. ಮುಂದಿನ ಶನಿವಾರ ಬಂತು, ಯಾರೂ ಕೈಕುಲುಕಲಿಲ್ಲ.

ಕೆಳಗಿನ ಊರು

ಬಂದರಿಗೆ ಹೋಗುವ ಬಸ್ಸು ಕೆಳಗಿನ ಊರಿನಲ್ಲಿ ಒಂದು ತಾಸು ನಿಲ್ಲುತ್ತಿತ್ತು. ಮಾವಶಿ ಒಂದು ಡಬ್ಬಿಯಲ್ಲಿ ಬೇಯಿಸಿದ ಮೊಟ್ಟೆಗಳನ್ನಿಟ್ಟು, ಅವನಿಗೆ ಕೊಡಿ ಎಂದಿದ್ದಳು. ಆ ಡಬ್ಬಿಯನ್ನು ಮಲ್ಲಪ್ಪ ತೊಡೆಯ ಮೇಲೆ ಇಟ್ಟುಕೊಂಡು ತಂದರು. ಲಿಂಗ ಕಟ್ಟಿದ ಮೈ ಅವರದು. ಆದರೂ ಡಬ್ಬಿ ಕೆಳಗಿಡಲಿಲ್ಲ.

ವಾಲ್ಟರ್ ವಸತಿಮನೆಯ ಅಂಗಳದಲ್ಲಿದ್ದ. ಡಬ್ಬಿ ತೆರೆದು ನೋಡಿ, ಮುಚ್ಚಿದ.

"ಇಲ್ಲಿಯವರು ಇನ್ನೂ ನನ್ನನ್ನು ಡ್ಯಾನಿ ಎನ್ನುತ್ತಾರೆ," ಎಂದ. "ಎಲ್ಲ ಬಯಲಾದ ಮೇಲೂ. ನಾನೂ ಓಗೊಡುತ್ತೇನೆ. ಒಂದು ಸೋಮವಾರ ಮುಂಜಾನೆ ಬಸ್ಸು ಹತ್ತು ಎಂದರು, ಹತ್ತಿದೆ. ಹನ್ನೆರಡು ವರ್ಷ ಅಲ್ಲಿದ್ದೆ. ಕಳಿಸಲು ಒಬ್ಬರೂ ಬಂದಿರಲಿಲ್ಲ. ಬಂದರೆ ಹೆಸರು ಹಿಡಿದು ಕರೆಯಬೇಕಾಗುತ್ತಿತ್ತಲ್ಲ."

ಆಮೇಲೆ ಕೇಳಿದ: "ಪಂಚ ನೀನೇ ಅಂತೆ. ತೀರ್ಪು ಕೊಡಲಿಲ್ಲವಂತೆ. ನಿಜ ಹೇಳು, ನಮ್ಮಿಬ್ಬರಲ್ಲಿ ಯಾರು ಮೇಲು?"

"ಮಂಜಿನಲ್ಲಿ ನನಗೆ ಕಾಣಲಿಲ್ಲ," ಎಂದೆ.

ಅವನು ಎದ್ದು ಒಳಗಿನಿಂದ ಚೆಂಡು ತಂದ. ಅಂಗಳದ ಆ ತುದಿಯಲ್ಲಿ ಹಲಗೆಯ ಗೋಡೆಯಿತ್ತು. ಅದರಲ್ಲಿ ಮುಷ್ಟಿಯಷ್ಟು ಅಗಲದ ಒಂದು ಗಂಟು. ಭುಜ ಒಮ್ಮೆ ತಿಕ್ಕಿ ಎಸೆದ. ಚೆಂಡು ನೇರ ಹೋಗುತ್ತಿದ್ದುದು ಗೋಡೆಯ ಹತ್ತಿರ, ಯಾರೋ ಕೆಳಗಿನಿಂದ ದಾರ ಜಗ್ಗಿದ ಹಾಗೆ ಬಾಗಿ, ಗಂಟಿನ ಮೇಲೆಯೇ ಬಡಿಯಿತು. ಇನ್ನೊಮ್ಮೆ ಎಸೆದ. ಅಲ್ಲಿಯೇ. ಮೂರನೆಯದೂ ಅಲ್ಲಿಯೇ.

"ಅಯ್ಯಯ್ಯೋ, ಏನ ಕೈರೀ ಇದು!" ಎಂದರು ಮಲ್ಲಪ್ಪ.

"ನೀನೇ ಮೇಲು," ಎಂದೆ. "ಅವರು ಒಳ್ಳೆಯವನನ್ನು ಕೊಟ್ಟು ಕಳಕೊಂಡರು."

"ಬರೆದುಕೊಡು," ಎಂದ. "ನನ್ನ ಹೆಸರು ಹಾಕಿ."

ಜೇಬಿನ ಪುಸ್ತಕ ತೆಗೆದು ಬರೆದೆ. ಅವಸರದಲ್ಲಿ ಕೈಗೆ ಬಂದದ್ದು ಕನ್ನಡ. ಬರೆದು ಮುಗಿದ ಮೇಲೆ ತಪ್ಪು ತಿಳಿದು, ಇಂಗ್ಲಿಷಿನಲ್ಲಿ ಇನ್ನೊಂದು ಬರೆಯಲು ಹೋದರೆ ಅವನು ತಡೆದ. ಆ ದುಂಡು ಅಕ್ಷರಗಳನ್ನು ಬಗ್ಗಿ ನೋಡಿದ.

"ಇದರಲ್ಲಿ ನಾನು ಎಲ್ಲಿದ್ದೇನೆ?"

ತೋರಿಸಿದೆ. ಅವನು ಒರಟು ತೋರುಬೆರಳನ್ನು ಆ ಮೂರು ಅಕ್ಷರಗಳ ಮೇಲೆ ಎಡದಿಂದ ಬಲಕ್ಕೆ ಮೆಲ್ಲಗೆ ಎಳೆಯುತ್ತ, ಪಾಠ ಒಪ್ಪಿಸುವ ಮಗುವಿನಂತೆ ಗಟ್ಟಿಯಾಗಿ ಓದಿದ: "ವಾಲ್ಟರ್."